ಸಣ್ಣ ಉದ್ಯಮಿಯ ಗಲ್ಲಾಪೆಟ್ಟಿಗೆ

ಉದ್ಯಮಿಯೆಂಬ ಶಬ್ದವು ಕಿವಿಗೆ ಬಿದ್ದ ಕೂಡಲೆ ನಮ್ಮ ಜನರ ಕಣ್ಣೆದುರಿಗೆ ಮುಂಬಯಿಯ ಗಿರಣಿಯ ಹೊಗೆಕೊಳವೆಯೋ ಬೆಂಗಳೂರಿನ ಗಾಜಿನ ಮಾಳಿಗೆಯೋ ಬಂದು ನಿಲ್ಲುತ್ತದೆ. ರಾಮದುರ್ಗ ತಾಲೂಕಿನ ಸಾಲಹಳ್ಳಿಯಂಥ ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವವನನ್ನಾಗಲಿ, ಹೊಲಿಗೆಯ ಯಂತ್ರವೊಂದನ್ನು ಕಟ್ಟೆಯ ಮೇಲಿಟ್ಟುಕೊಂಡು ಕುಳಿತ ಸಿಂಪಿಗನನ್ನಾಗಲಿ, ಖಡಕ್ ರೊಟ್ಟಿ ಬಡಿದು ಪೇಟೆಗೆ ಕಳಿಸುವ ತಾಯಿಯನ್ನಾಗಲಿ ಯಾರೂ ಆ ಹೆಸರಿನಿಂದ ಕರೆಯುವದಿಲ್ಲ. ಆದರೆ ತನ್ನ ಕೈಯ ಬಂಡವಾಳವನ್ನು ಹಾಕಿ, ಲಾಭನಷ್ಟಗಳೆರಡನ್ನೂ ತನ್ನ ತಲೆಯ ಮೇಲೆ ಹೊತ್ತುಕೊಂಡು, ನಾಲ್ಕು ಜನಕ್ಕೆ ಬೇಕಾದ ವಸ್ತುವನ್ನು ಒದಗಿಸುವವನೇ ಉದ್ಯಮಿಯಾಗಿದ್ದರೆ ಇವರೆಲ್ಲರೂ ಉದ್ಯಮಿಗಳೇ. ಇಂಥವರ ಹಣವು ಎಲ್ಲಿ ಸೋರುತ್ತದೆ, ಅದನ್ನು ತಡೆದು ಗಳಿಕೆಯನ್ನು ಬೆಳೆಸುವ ಬಗೆ ಯಾವುದು ಎಂಬದನ್ನು ಇಂದು ವಿಚಾರಿಸಬೇಕೆಂದಿದ್ದೇವೆ. ಹೆಸರಿನಲ್ಲಿ ‘ಸಾಲ’ವೆಂಬ ಎರಡಕ್ಷರವಿದ್ದ ಮಾತ್ರಕ್ಕೆ ಆ ಊರನ್ನು ಎತ್ತಿಕೊಂಡೆವೆಂದು ಅಲ್ಲಿಯ ಹಿರಿಯರು ಬೇಸರಪಡಬಾರದು. ಹೆಸರಿನಲ್ಲಿ ಸಾಲವಿಲ್ಲದ ಊರುಗಳಲ್ಲಿಯೂ ಮನೆಯೊಳಗೆ ಸಾಲವಿದ್ದೇ ಇದೆ.

ಇಂಥ ಜನರಿಗೆ ಮಿತವ್ಯಯದ ಉಪದೇಶ ಮಾಡುವವರಿಗೆ ಇಂದು ಕೊರತೆಯಿಲ್ಲ. ಮೇಳಾವಾ ಕೂಡಿಸುತ್ತಾರೆ, ಹಾರ ತುರಾಯಿಗಳಾಗುತ್ತವೆ, ಪಟ್ಟಣದಿಂದ ಬಂದ ಭಾಷಣಕಾರರು ಚಹಾ ಬಿಡಿರಿ, ಎಲೆಯಡಿಕೆ ಬಿಡಿರಿ, ಹಬ್ಬದ ಖರ್ಚನ್ನು ಕಡಿಮೆ ಮಾಡಿರಿ ಎಂದು ಹೇಳಿ ಮೋಟಾರು ಹತ್ತುತ್ತಾರೆ. ಈ ಮಾತು ಪೂರ್ಣ ಸುಳ್ಳೆಂದು ನಾವು ಹೇಳುವದಿಲ್ಲ. ಆದರೆ ರೊಟ್ಟಿಗೆ ಖಾರಬ್ಯಾಳಿಯೊಂದನ್ನೇ ಹಚ್ಚಿಕೊಂಡು ಉಣ್ಣುವವನಿಗೆ ಇನ್ನೂ ಕಡಿಮೆ ಉಣ್ಣೆಂದು ಹೇಳುವದರಲ್ಲಿ ಜಾಣತನವೂ ಇಲ್ಲ, ದಯೆಯೂ ಇಲ್ಲ. ನಮ್ಮ ಸಣ್ಣ ಉದ್ಯಮಿಯ ಹಣವು ಅವನ ಹೊಟ್ಟೆಯ ದಾರಿಯಿಂದ ಹೋಗುತ್ತಿಲ್ಲ. ಅದು ಹೋಗುತ್ತಿರುವದು ಉದರಿಯ ದಾರಿಯಿಂದ. ಕಚ್ಚಾ ಮಾಲನ್ನು ಉದರಿ ತರುವಾಗ ಒಮ್ಮೆ, ಸಿದ್ಧ ಮಾಲನ್ನು ಉದರಿ ಕೊಡುವಾಗ ಇನ್ನೊಮ್ಮೆ, ಹೀಗೆ ಎರಡೂ ಕಡೆಗೆ ಅವನು ಬಡ್ಡಿ ತೆರುತ್ತಾನೆ. ಮತ್ತು ಬಡ್ಡಿಯೆಂಬ ಹೆಸರು ಎಲ್ಲಿಯೂ ಬರೆದಿಲ್ಲವಾದ್ದರಿಂದ ತಾನು ತೆರುತ್ತಿರುವೆನೆಂಬದೇ ಅವನಿಗೆ ತಿಳಿಯುವದಿಲ್ಲ.

ರಾಮದುರ್ಗ ಹಾಗೂ ಸುರೇಬಾನದ ಕಡೆಯ ನೇಕಾರಿಕೆಯನ್ನೇ ದೃಷ್ಟಾಂತಕ್ಕೆ ತೆಗೆದುಕೊಳ್ಳೋಣ. ಎರಡು ಮಗ್ಗಗಳ ಗೃಹಸ್ಥನೊಬ್ಬನಿಗೆ ತಿಂಗಳಿಗೆ 10,000 ರೂಪಾಯಿಯ ನೂಲು ಬೇಕೆಂದು ಭಾವಿಸಿರಿ. ರೋಖ ಹಣ ಕೊಟ್ಟರೆ 10,000. ತಿಂಗಳ ಉದರಿಯಾದರೆ ಸಾವಕಾರನು 10,400 ಬರೆದುಕೊಳ್ಳುತ್ತಾನೆನ್ನಿ. ನಾನೂರು ರೂಪಾಯಿಯ ಅಂತರವನ್ನು ನೇಕಾರನು ‘ಭಾವದ ಹೆಚ್ಚುಕಡಿಮೆ’ಯೆಂದು ತಿಳಿಯುತ್ತಾನೆ. ಆದರೆ ಅದು ನೂರಕ್ಕೆ ತಿಂಗಳಿಗೆ ನಾಲ್ಕು ರೂಪಾಯಿಯ ಬಡ್ಡಿ, ವರ್ಷಕ್ಕೆ ನಾಲ್ವತ್ತೆಂಟು. ಹನ್ನೆರಡು ತಿಂಗಳಲ್ಲಿ 4,800 ರೂಪಾಯಿ ಕೈಬಿಟ್ಟು ಹೋಯಿತು. ಅಷ್ಟಾದ ಮೇಲೂ ಅಸಲು 10,000 ಅವನದಾಗಲಿಲ್ಲ. ಮರುವರ್ಷವೂ ಅದೇ ಉದರಿ, ಅದೇ 4,800. ಇದಕ್ಕೂ ಮಿಗಿಲಾದ ನಷ್ಟವೊಂದುಂಟು. ಯಾವ ಅಂಗಡಿಯಿಂದ ನೂಲು ಬಂದಿತೋ ಆ ಅಂಗಡಿಗೇ ಸೀರೆ ಹೋಗಬೇಕು. ಅಲ್ಲಿ ಹೇಳಿದ್ದೇ ಬೆಲೆ. ಕೊಳ್ಳುವಾಗಲೂ ಮಾರುವಾಗಲೂ ಬೆಲೆ ಕಟ್ಟುವ ಅಧಿಕಾರವು ಒಬ್ಬನದೇ ಆದ ಮೇಲೆ ಮಗ್ಗ ತನ್ನದಿದ್ದರೂ ನೇಕಾರನು ಕೂಲಿಯವನೇ ಸರಿ.

ಆದುದರಿಂದ ಉಳಿಸಿದ ಮೊದಲ ಹಣವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರವು ಪುಸ್ತಕದ ಉತ್ತರಕ್ಕಿಂತ ಬೇರೆಯಾಗಿದೆ. ಬ್ಯಾಂಕಿನ ಮುದ್ದತಿನ ಠೇವಣಿಯು ನೂರಕ್ಕೆ ವರ್ಷಕ್ಕೆ ಆರೇಳು ರೂಪಾಯಿ ಕೊಡುತ್ತದೆ. ಬಂಗಾರದ ಬೆಲೆ ಏರಬಹುದು, ಇಳಿಯಬಹುದು. ಆದರೆ ನೇಕಾರನು ತನ್ನ ಒಂದು ತಿಂಗಳ ನೂಲನ್ನು ರೋಖ ಕೊಳ್ಳುವಷ್ಟು ಹಣವನ್ನು ಒಮ್ಮೆ ಕೂಡಿಸಿದನೆಂದರೆ, ಮೇಲಿನ ಲೆಕ್ಕದಂತೆ, ಆ ಹಣವು ಅವನಿಗೆ ನೂರಕ್ಕೆ ನಾಲ್ವತ್ತೆಂಟನ್ನು ಗಳಿಸಿಕೊಡುತ್ತದೆ. ಅಷ್ಟು ಕೊಡುವ ಬ್ಯಾಂಕು ಭೂಮಂಡಲದಲ್ಲಿಲ್ಲ. ಇದೆಯೆಂದು ಯಾವನಾದರೂ ಹೇಳಿಕೊಂಡು ಬಂದರೆ ಅವನನ್ನು ಅಂಗಳಕ್ಕೆ ಸೇರಿಸಬಾರದು. 10,000 ರೂಪಾಯಿ ಎಲ್ಲಿಂದ ಬರಬೇಕೆಂದು ಕೇಳುವಿರಾ? ದಿನಕ್ಕೆ 30 ರೂಪಾಯಿಯಂತೆ ಹನ್ನೊಂದು ತಿಂಗಳು ಕೂಡಿಟ್ಟರೆ ಬಂದೇ ಬಂದಿತು. ಹಿಟ್ಟಿನ ಗಿರಣಿಯವನಿಗೆ ಇದು ವಿದ್ಯುತ್ತಿನ ಬಿಲ್ಲು ಮತ್ತು ಬೆಲ್ಟಿನ ಹಣ. ಸಿಂಪಿಗನಿಗೆ ದಾರ, ಅಸ್ತರು, ಗುಂಡಿಗಳ ಹಣ. ಕಿರಾಣಿಯವನಿಗೆ ಒಂದು ವಾರದ ಮಾಲಿನ ಹಣ. ವ್ಯವಹಾರ ಬೇರೆ, ಲೆಕ್ಕ ಒಂದೇ. ಆದರೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಅಗ್ಗವಾಗಿ ಸಿಕ್ಕಿತೆಂದು ಆರು ತಿಂಗಳ ಮಾಲನ್ನು ಮನೆಯಲ್ಲಿ ತುಂಬಿಕೊಳ್ಳುವವನು ಇಲಿಗಳಿಗಾಗಿ ಉದ್ಯೋಗ ಮಾಡಿದಂತಾಗುತ್ತದೆ. ಒಂದು ಸರತಿಗೆ ಬೇಕಾದಷ್ಟೇ ಸಾಕು.

ಕನ್ನಡ ನಾಡಿಗೆ ಈ ವಿಚಾರವು ಹೊಸದಲ್ಲ. 1925ರಲ್ಲಿ ಉಡುಪಿಯಲ್ಲಿ ವ್ಯಾಪಾರಸ್ಥರಾದ ಉಪೇಂದ್ರ ಅನಂತ ಪೈಯವರು, ಇಂಜಿನಿಯರರಾದ ವಾಮನ ಕುಡ್ವರು, ವೈದ್ಯರಾದ ಡಾ. ಟಿ. ಎಂ. ಎ. ಪೈಯವರು ಈ ಮೂವರು ಕೂಡಿ 8,000 ರೂಪಾಯಿಗಳ ಬಂಡವಾಳದಿಂದ ಒಂದು ಸಣ್ಣ ಬ್ಯಾಂಕನ್ನು ತೆರೆದರು. ಕರಾವಳಿಯ ಕೈಮಗ್ಗಗಳಿಗೆ ಆಗ ಸಂಕಟದ ಕಾಲ. ಅವುಗಳಿಗೆ ಹಣ ಒದಗಿಸುವದೇ ಆ ಬ್ಯಾಂಕಿನ ಮುಖ್ಯ ಉದ್ದೇಶವಾಗಿತ್ತು. ಆದರೆ ಕೊಡಲಿಕ್ಕೆ ಹಣವೆಲ್ಲಿ? 1928ರಲ್ಲಿ ಅವರು ಪಿಗ್ಮಿ ಠೇವಣಿಯೆಂಬ ಹೊಸ ಪದ್ಧತಿಯನ್ನು ಹೂಡಿದರು. ಬ್ಯಾಂಕಿನ ಮೆಟ್ಟಿಲು ಹತ್ತಲು ಹೆದರುವ ಬಡವನ ಮನೆಬಾಗಿಲಿಗೆ ಬ್ಯಾಂಕಿನವನೇ ಹೋಗಿ ದಿನಕ್ಕೆ ಎರಡಾಣೆಯಷ್ಟು ಅಲ್ಪ ಹಣವನ್ನು ಸಹ ತೆಗೆದುಕೊಂಡು ಬರೆದುಕೊಳ್ಳತೊಡಗಿದನು. ಹನಿಹನಿಯಾಗಿ ಕೂಡಿದ ಅದೇ ಹಣವು ಸಾಲವಾಗಿ ಅಂಥದೇ ಜನರ ಕೈಗೆ ತಿರುಗಿ ಹೋಯಿತು. ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾದ ಆ ಸಂಸ್ಥೆಯು 1969ರಲ್ಲಿ ರಾಷ್ಟ್ರೀಕೃತವಾಗಿ, 2020ರ ಎಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಬ್ಯಾಂಕಿನ ಹೆಸರು ಹೋದರೂ ಪಿಗ್ಮಿಯೆಂಬ ಶಬ್ದವು ನಮ್ಮ ಸಂತೆಪೇಟೆಗಳಲ್ಲಿ ಉಳಿದಿದೆ. ಅದರ ತಿರುಳನ್ನು ಮಾತ್ರ ನಾವು ಮರೆತೆವೆಂದು ತೋರುತ್ತದೆ. ದಿನದ ಗಳಿಕೆಯುಳ್ಳವನು ದಿನವೂ ಉಳಿಸಬೇಕು; ತಿಂಗಳ ಕೊನೆಗೆ ಉಳಿದದ್ದನ್ನು ಇಡುತ್ತೇನೆಂಬವನಿಗೆ ತಿಂಗಳ ಕೊನೆಗೆ ಉಳಿಯುವದು ಏನೂ ಇಲ್ಲ. ಮತ್ತು ಉಳಿಸಿದ್ದು ಬಂಡವಾಳವಾಗಿ ತಿರುಗಿ ಉದ್ಯೋಗಕ್ಕೆ ಬರಬೇಕು. ಇಂದು ವರ್ಷವೆಲ್ಲ ಪಿಗ್ಮಿ ತುಂಬಿದವನು ಅದು ಕೈಗೆ ಬಂದ ದಿನವೇ ಕೈಯೊಳಗಿನ ಹೊಸ ದೂರವಾಣಿಯನ್ನು ಕೊಂಡು, ಮರುದಿನ ನೂಲಿಗಾಗಿ ಉದರಿ ಕೇಳಲು ಹೋಗುವದನ್ನು ನಾವು ಕಂಡಿದ್ದೇವೆ.

ಉಳಿಸಿದ ಹಣವನ್ನು ಯಾರ ಕೈಯಲ್ಲಿ ಕೊಡಬೇಕೆಂಬದು ಇನ್ನೂ ಸೂಕ್ಷ್ಮವಾದ ವಿಷಯ. ಸಹಕಾರವು ನಮ್ಮ ನೆಲದ ಬೆಳೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆಯಾದ ಮರುವರ್ಷವೇ, ಈಗಿನ ಗದಗ ಜಿಲ್ಹೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಹುಟ್ಟುಹಾಕಿ ಭರತಖಂಡಕ್ಕೇ ಮೇಲ್ಪಂಕ್ತಿಯಾದರು. ಆ ಅಭಿಮಾನವು ನಮಗೂ ಇದೆ. ಆದರೆ ಅಭಿಮಾನದಿಂದ ಠೇವಣಿಗೆ ಭದ್ರತೆ ಬರುವದಿಲ್ಲ. 2020ರ ಫೆಬ್ರವರಿಯಿಂದ ಬ್ಯಾಂಕಿನ ಠೇವಣಿಗಳಿಗೆ ಒಬ್ಬೊಬ್ಬ ಠೇವಣಿದಾರನಿಗೆ 5 ಲಕ್ಷ ರೂಪಾಯಿಗಳವರೆಗೆ ವಿಮೆಯ ರಕ್ಷಣೆ ಇದೆ; ಸಹಕಾರಿ ಬ್ಯಾಂಕುಗಳೂ ಅದರಲ್ಲಿ ಸೇರಿವೆ. ಪತ್ತಿನ ಸಹಕಾರಿ ಸಂಘಗಳೂ ಪತ್ತಿನ ಸೌಹಾರ್ದ ಸಹಕಾರಿಗಳೂ ಸೇರಿಲ್ಲ. ಬೆಳಗಾವಿ ಜಿಲ್ಹೆಯ ಯಾವ ಪೇಟೆಯ ಬೀದಿಯಲ್ಲಿ ಹೋದರೂ ಇಂಥ ಸಂಘಗಳ ಫಲಕಗಳು ಹೆಜ್ಜೆಹೆಜ್ಜೆಗೆ ಕಾಣುತ್ತವೆ. ಅವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಅನೇಕ. ಆದರೆ ಫಲಕವನ್ನು ಓದಿ, ಇದು ಬ್ಯಾಂಕೋ ಸಂಘವೋ ಎಂದು ಕೇಳಿ ತಿಳಿದುಕೊಳ್ಳುವವರು ಎಷ್ಟು ಜನ? ಈ ಸಾಲುಗಳನ್ನು ಬರೆಯುವವನೂ ಒಂದು ಕಾಲಕ್ಕೆ ಕೇಳಿರಲಿಲ್ಲ. ಪೇಟೆಯವರೆಲ್ಲರಿಗಿಂತ ನೂರಕ್ಕೆ ಎರಡು ರೂಪಾಯಿ ಹೆಚ್ಚು ಬಡ್ಡಿ ಸಿಗುವದೆಂಬ ಆಶೆಯಿಂದ, ಕಾಗದ ಕೊಳ್ಳಲಿಕ್ಕೆ ಕೂಡಿಸಿದ ಮುದ್ರಣಾಲಯದ ಹಣವನ್ನು ಒಂದು ಸಂಘದಲ್ಲಿಟ್ಟು, ಬೀಗ ಬಿದ್ದ ಅದರ ಬಾಗಿಲ ಮುಂದೆ ಉಳಿದವರೊಡನೆ ಬಿಸಿಲಿನಲ್ಲಿ ನಿಂತು ಬಂದಿದ್ದಾನೆ. ಅಂದು ನಮ್ಮ ಪಕ್ಕದಲ್ಲಿ ಮಗಳ ಮದುವೆಗೆಂದು ಹಣವಿಟ್ಟ ಬಳೆಗಾರ್ತಿಯೊಬ್ಬಳು ನಿಂತಿದ್ದಳು. ಅವಳು ಯಾರನ್ನೂ ಬಯ್ಯಲಿಲ್ಲ. ಕೈಯೊಳಗಿನ ಪಾಸುಬುಕ್ಕನ್ನು ತೆರೆದು ನೋಡುತ್ತಿದ್ದಳು, ಮತ್ತೆ ಮುಚ್ಚುತ್ತಿದ್ದಳು. ಹೆಚ್ಚಿನ ಎರಡು ರೂಪಾಯಿ ಬಡ್ಡಿಗೆ ನಾವು ತೆತ್ತ ಬೆಲೆಯು ಅದರಿಂದ ತಿಳಿಯಿತು. ಸಂಘದಲ್ಲಿ ಹಣವಿಡುವವನು ಸದಸ್ಯನಾಗಲಿ, ವಾರ್ಷಿಕ ಸರ್ವಸಾಧಾರಣ ಸಭೆಗೆ ಹೋಗಲಿ, ಲೆಕ್ಕತಪಾಸಣೆಯ ವರದಿಯನ್ನು ಕೇಳಲಿ, ಸುಸ್ತಿಬಾಕಿ ಎಷ್ಟೆಂದು ವಿಚಾರಿಸಲಿ. ಚಿವಡಾ ಚಹಾ ತೆಗೆದುಕೊಂಡು ಸಹಿ ಮಾಡಿ ಬರುವದಕ್ಕೆ ಸಭೆಯೆಂದು ಹೆಸರಲ್ಲ.

ಇಷ್ಟೆಲ್ಲ ಆಗಬೇಕಾದರೆ ಲೆಕ್ಕ ಬೇಕು. ನಮ್ಮಲ್ಲಿ ದೀಪಾವಳಿಯ ಪಾಡ್ಯಕ್ಕೆ ಹೊಸ ಕಿರ್ದಿಯನ್ನು ಪೂಜಿಸುವ ಸಂಪ್ರದಾಯವು ಅಂಗಡಿಕಾರರಲ್ಲಿ ಇಂದಿಗೂ ಇದೆ. ಪೂಜೆಯಾದ ಮೂರನೆಯ ವಾರಕ್ಕೆ ಅದರಲ್ಲಿ ಬರೆಯುವದು ನಿಲ್ಲುತ್ತದೆಯೆಂಬದು ಬೇರೆ ಮಾತು. ಸಣ್ಣ ಉದ್ಯಮಿಯ ದೊಡ್ಡ ದೋಷವು ಯಾವುದೆಂದರೆ ಮನೆಯ ಹಣಕ್ಕೂ ಉದ್ಯೋಗದ ಹಣಕ್ಕೂ ಒಂದೇ ಪೆಟ್ಟಿಗೆ. ಬೆಳಿಗ್ಗೆ ಬಂದ ಬೀಸುವ ಕೂಲಿಯಿಂದ ಮಧ್ಯಾಹ್ನಕ್ಕೆ ಎಣ್ಣೆ ಬರುತ್ತದೆ, ಸಾಯಂಕಾಲ ಮಗನ ಶಾಲೆಯ ಫೀ ಹೋಗುತ್ತದೆ, ರಾತ್ರಿಗೆ ಪೆಟ್ಟಿಗೆ ಬರಿದು. ಗಿರಣಿಯು ಲಾಭದಲ್ಲಿದೆಯೋ ನಷ್ಟದಲ್ಲಿದೆಯೋ ದೇವರಿಗೇ ಗೊತ್ತು. ನಮ್ಮ ಮುದ್ರಣಾಲಯದಲ್ಲಿಯೂ ಮೊದಲ ಕೆಲವು ವರ್ಷ ಹೀಗೆಯೇ ನಡೆಯಿತು. ಎರಡು ಪೆಟ್ಟಿಗೆಗಳನ್ನು ಮಾಡಿರಿ. ಬ್ಯಾಂಕಿನಲ್ಲಿ ಎರಡು ಖಾತೆಗಳನ್ನು ತೆರೆಯಿರಿ. ಉದ್ಯೋಗದ ಪೆಟ್ಟಿಗೆಯಿಂದ ಯಜಮಾನನು ತನಗೆ ಇಂತಿಷ್ಟು ಪಗಾರವೆಂದು ಗೊತ್ತುಪಡಿಸಿಕೊಂಡು ವಾರಕ್ಕೊಮ್ಮೆ ತೆಗೆದುಕೊಳ್ಳಲಿ. ಉಳಿದದ್ದಕ್ಕೆ ಕೈ ಹಚ್ಚಬಾರದು. ಮನೆಯಲ್ಲಿ ಅಡಚಣೆ ಬಂದರೆ ಉದ್ಯೋಗದಿಂದ ಸಾಲವೆಂದು ಬರೆದೇ ತೆಗೆದುಕೊಳ್ಳತಕ್ಕದ್ದು. ಹೆಂಡತಿಯೂ ಮಕ್ಕಳೂ ಮಗ್ಗದ ಮುಂದೆ ಕೂತು ಕಂಡಿಕೆ ಸುತ್ತಿದರೆ ಅವರ ದುಡಿಮೆಗೂ ಬೆಲೆ ಕಟ್ಟಿ ಬರೆಯಬೇಕು. ಬರೆಯದಿದ್ದರೆ ಅದು ಸಾವಕಾರನಿಗೆ ಪುಕ್ಕಟೆಯಾಗಿ ಹೋದ ದುಡಿಮೆ.

ಲೆಕ್ಕದಿಂದ ಗಳಿಕೆ ಹೇಗೆ ಹೆಚ್ಚುವದೆಂಬದಕ್ಕೆ ರೊಟ್ಟಿಯ ಒಂದು ದೃಷ್ಟಾಂತವನ್ನು ಕೊಡುತ್ತೇವೆ. ಅಂಕಿಗಳು ತಿಳಿಯಹೇಳಲಿಕ್ಕಾಗಿ ಹಾಕಿದವು. ಪ್ರತಿಯೊಬ್ಬರೂ ತಮ್ಮ ಊರಿನ ಭಾವವನ್ನು ಇಟ್ಟು ನೋಡಬೇಕು. ಒಂದು ಕಿಲೋ ಜೋಳದ ಹಿಟ್ಟಿಗೆ 40 ರೂಪಾಯಿ, ಅದರಲ್ಲಿ ಇಪ್ಪತ್ತು ತೆಳು ರೊಟ್ಟಿ. ಒಂದಕ್ಕೆ 6 ರೂಪಾಯಿಯಂತೆ ಮಾರಿದರೆ 120 ಬಂದವು, 80 ರೂಪಾಯಿ ಉಳಿಯಿತೆಂದು ಆ ತಾಯಿಯು ತಿಳಿಯುತ್ತಾಳೆ. ಆದರೆ ಉರುವಲಿಗೆ 15, ಕಟ್ಟುವ ಚೀಲಕ್ಕೂ ರಾಮದುರ್ಗದ ಬಸ್ಸಿಗೂ 15. ಇಪ್ಪತ್ತರಲ್ಲಿ ಎರಡು ಮುರಿದುಹೋದವು. ಮಾರಿದ್ದು ಹದಿನೆಂಟು, ಬಂದದ್ದು 108, ಖರ್ಚು 70, ಉಳಿದದ್ದು 38. ಅದರಲ್ಲಿಯೇ ಬೆಂಕಿಯ ಮುಂದೆ ಕುಳಿತ ಇಬ್ಬರ ಕೂಲಿಯೂ ಬರಬೇಕು! ಈ ಲೆಕ್ಕವನ್ನು ಕಂಡವಳು ರೊಟ್ಟಿಗೆ ಒಂದೇ ರೂಪಾಯಿ ಹೆಚ್ಚು ಕೇಳಿದಳೆನ್ನಿ. ಹದಿನೆಂಟಕ್ಕೆ 126 ಬಂದು, ಖರ್ಚು ಹೋಗಿ 56 ಉಳಿಯುತ್ತದೆ. ಬೆಲೆಯು ಆರನೆಯ ಒಂದು ಪಾಲು ಏರಿದರೆ ಉಳಿಕೆಯು ಹೆಚ್ಚುಕಡಿಮೆ ಒಂದೂವರೆಪಟ್ಟಾಯಿತು. ಬೆಲೆ ಏರಿಸಲು ಅವಳಿಗೆ ಧೈರ್ಯವಾಗದಿದ್ದರೆ ಮುರಿಯುವ ಎರಡು ರೊಟ್ಟಿಯನ್ನು ಉಳಿಸುವ ಗಟ್ಟಿ ಡಬ್ಬಿಯನ್ನು ಕೊಳ್ಳಲಿ. ಅದರಿಂದ 12 ರೂಪಾಯಿ ತಿರುಗಿ ಬಂದೀತು. ಲೆಕ್ಕವಿಲ್ಲದವಳಿಗೆ ಈ ಎರಡು ದಾರಿಗಳೂ ಕಾಣುವದಿಲ್ಲ. ಅವಳು ಇನ್ನೂ ಹತ್ತು ರೊಟ್ಟಿ ಹೆಚ್ಚು ಬಡಿದು ಸೊಂಟ ನೋಯಿಸಿಕೊಳ್ಳುತ್ತಾಳೆ.

ಇನ್ನು ಸಾಲದ ಮಾತು. ಉದ್ಯೋಗಕ್ಕೆ ಸಾಲವೇ ಕೂಡದೆಂಬ ಪಕ್ಷವು ನಮ್ಮದಲ್ಲ. ಆದರೆ ಬಡ್ಡಿಯನ್ನು ಹೇಳುವ ಭಾಷೆಯಲ್ಲಿಯೇ ಮೋಸವಿರುತ್ತದೆ. 12,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ ಹನ್ನೆರಡೇ ಎಂದು ಹೇಳಿ, 1,440 ರೂಪಾಯಿ ಬಡ್ಡಿಯನ್ನು ಮೊದಲೇ ಕೂಡಿಸಿ, ತಿಂಗಳಿಗೆ 1,120ರಂತೆ ಹನ್ನೆರಡು ಕಂತು ವಸೂಲು ಮಾಡುವವರಿದ್ದಾರೆ. ಅಸಲು ತಿಂಗಳುತಿಂಗಳಿಗೆ ತೀರುತ್ತ ಬಂದರೂ ಬಡ್ಡಿಯು ಪೂರ್ಣ ಅಸಲಿನ ಮೇಲೆಯೇ ನಡೆಯುತ್ತದೆ. ನಿಜವಾಗಿ ನೋಡಿದರೆ ಆ ಬಡ್ಡಿಯು ನೂರಕ್ಕೆ ಇಪ್ಪತ್ತೊಂದನ್ನು ದಾಟುತ್ತದೆ. ‘ಇಳಿಯುವ ಬಾಕಿಯ ಮೇಲೆ ಎಷ್ಟು?’ ಎಂಬ ಒಂದು ಪ್ರಶ್ನೆಯನ್ನು ಕೇಳಲು ಕಲಿತವನು ಸಾವಿರಾರು ರೂಪಾಯಿ ಉಳಿಸಬಲ್ಲನು. ಸಣ್ಣ ಸಾಲದ ಕಂಪನಿಗಳ ವಸೂಲಿಯ ಹಾವಳಿಯು ಹಳ್ಳಿಗಳಲ್ಲಿ ಎಷ್ಟು ಮಿತಿಮೀರಿತೆಂದರೆ 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು. ಕಾಯದೆಯು ಬಾಗಿಲಿಗೆ ಬಂದ ಗೂಂಡನನ್ನು ತಡೆದೀತು. ಮನೆಯೊಳಗಿಂದ ನಾವೇ ಕೈಚಾಚುವದನ್ನು ತಡೆಯಲಾರದು. 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 50,000 ರೂಪಾಯಿಗಳವರೆಗಿನ ‘ಶಿಶು’ ಸಾಲವು ಒತ್ತೆಯಿಲ್ಲದೆ ಬ್ಯಾಂಕಿನಿಂದ ದೊರೆಯತಕ್ಕದ್ದು. 2023ರ ವಿಶ್ವಕರ್ಮ ಯೋಜನೆಯು ಬಡಿಗ, ಕಮ್ಮಾರ, ಕುಂಬಾರ, ಸಮಗಾರ, ಸಿಂಪಿಗ ಮೊದಲಾದ ಹದಿನೆಂಟು ಕಸಬಿನವರಿಗೆ ನೂರಕ್ಕೆ ಐದರ ಬಡ್ಡಿಯಲ್ಲಿ ಮೊದಲು ಒಂದು ಲಕ್ಷ, ಅದು ತೀರಿದ ಮೇಲೆ ಎರಡು ಲಕ್ಷ ಎಂದು ಗೊತ್ತುಪಡಿಸಿದೆ. ಮಗ್ಗದ ನೇಕಾರನು ಆ ಪಟ್ಟಿಯಲ್ಲಿಲ್ಲ. ಅವನು ಕೈಮಗ್ಗ ಇಲಾಖೆಯ ಬಾಗಿಲನ್ನೇ ಬಡಿಯಬೇಕು. ಉದ್ಯೋಗದ ಹೆಸರಿನಿಂದ ಸಾಲ ತೆಗೆದು ಮದುವೆಯ ಮಂಟಪಕ್ಕೆ ಹಾಕುವವನ ವಿಷಯವಾಗಿ ನಾವು ಬರೆಯುವದಿಲ್ಲ. ಆ ಮಂಟಪದಲ್ಲಿ ಉಂಡು ಬಂದವರಲ್ಲಿ ನಾವೂ ಒಬ್ಬರಿದ್ದೇವೆ.

ಉಳಿತಾಯವೆಂದರೆ ಬರಿಯ ಬಂಡವಾಳವಲ್ಲ, ಆಪತ್ತಿನ ಧನವೂ ಹೌದು. 2019ರ ಅಗಸ್ಟಿನಲ್ಲಿ ಮಲಪ್ರಭೆಯು ಉಕ್ಕಿ ರಾಮದುರ್ಗದೊಳಗೆ ನುಗ್ಗಿದುದನ್ನು ಆ ಭಾಗದ ನೇಕಾರರು ಮರೆತಿರಲಾರರು. ನವಿಲುತೀರ್ಥದ ಜಲಾಶಯವು ಬತ್ತಿದ ವರ್ಷಗಳನ್ನು ಕಂಡ ಜನರು, ಅದೇ ನದಿಯು ಮನೆಗಳನ್ನು ಹೊಕ್ಕು ಮಗ್ಗಗಳನ್ನು ಮುಳುಗಿಸಿದುದನ್ನು ಕಂಡರು. ನೆಲದ ತಗ್ಗಿನಲ್ಲಿ ಕೂಡಿಸಿದ ಮಗ್ಗಕ್ಕೆ ಕೆಸರು ಹೊಕ್ಕರೆ ಹಾಸೂ ಹೋಯಿತು, ಹೊಕ್ಕೂ ಹೋಯಿತು. ಉದರಿ ತಂದ ನೂಲಿನ ಬಾಕಿ ಮಾತ್ರ ತೊಯ್ಯದೆ ಉಳಿಯಿತು. ಸರಕಾರದ ಪರಿಹಾರವು ಬರುತ್ತದೆ, ಬರುವವರೆಗೆ ಮನೆ ನಡೆಯಬೇಕಲ್ಲ! ಮೂರು ತಿಂಗಳ ಮನೆಖರ್ಚನ್ನು ಬೇರೆ ಖಾತೆಯಲ್ಲಿ, ವಿಮೆಯುಳ್ಳ ಬ್ಯಾಂಕಿನಲ್ಲಿ ಇಟ್ಟುಕೊಂಡವನು ಮಾತ್ರವೇ ಅಂಥ ಸಮಯದಲ್ಲಿ ಮಗ್ಗವನ್ನು ಮಾರದೆ ನಿಲ್ಲಬಲ್ಲನು. ಮಗ್ಗಕ್ಕೂ ಮಾಲಿಗೂ ವಿಮೆ ಮಾಡಿಸುವದು, ನೂಲನ್ನು ಅಟ್ಟದ ಮೇಲಿಡುವದು, ಕಾಗದಪತ್ರಗಳ ನಕಲನ್ನು ಬೇರೆ ಊರಿನ ನೆಂಟರಲ್ಲಿ ಇಡುವದು ಇವು ಚಿಕ್ಕ ಕೆಲಸಗಳು. ಆದರೆ ನೀರು ಬಂದ ಮೇಲೆ ಮಾಡಲಿಕ್ಕಾಗದ ಕೆಲಸಗಳು.

ಗಳಿಕೆಯನ್ನು ಬೆಳೆಸುವ ಮಾತಿಗೆ ಬಂದರೆ, ಒಬ್ಬೊಬ್ಬನೇ ಎಷ್ಟು ಜಾಣನಾದರೂ ಒಂದು ಮಿತಿಯಾಚೆಗೆ ಸಾಗದು. ಹತ್ತು ಮನೆಯ ನೇಕಾರರು ತಮ್ಮ ಹತ್ತು ಸಾವಿರಗಳನ್ನು ಕೂಡಿಸಿದರೆ ಒಂದು ಲಕ್ಷ. ಒಂದು ಲಕ್ಷದ ನೂಲನ್ನು ರೋಖ ಕೊಳ್ಳುವವನೊಡನೆ ವ್ಯಾಪಾರಿಯು ಮಾತಾಡುವ ಧ್ವನಿಯೇ ಬೇರೆ. ಬೆಲ್ಲದ ಗಾಣದವರೂ ಸಿಂಪಿಗರೂ ರೊಟ್ಟಿಯ ತಾಯಂದಿರೂ ಹೀಗೆಯೇ ಮಾಡಬಹುದು. ಎರಡನೆಯದಾಗಿ, ಮಾಲಿಗೆ ಊರಿನ ಹೆಸರು ಬರಬೇಕು. ಗೋಕಾಕದ ಕರದಂಟಿಗೆ ಗೋಕಾಕದ ಹೆಸರೇ ಬೆಲೆ. ಇಳಕಲ್ಲ ಸೀರೆಯೂ ಗುಳೇದಗುಡ್ಡದ ಖಣವೂ ಭೌಗೋಳಿಕ ಗುರುತನ್ನು ಪಡೆದುಕೊಂಡಿವೆ. ನಮ್ಮ ತಾಲೂಕುಗಳ ಎಷ್ಟು ಮಾಲು ಹೆಸರಿಲ್ಲದೆ ಹೊರಗೆ ಹೋಗಿ, ಬೇರೆಯವರ ಮುದ್ರೆ ಹಾಕಿಸಿಕೊಂಡು ಹೆಚ್ಚಿನ ಬೆಲೆಗೆ ತಿರುಗಿ ನಮ್ಮದೇ ಅಂಗಡಿಗೆ ಬರುತ್ತದೆಂಬದನ್ನು ಯೋಚಿಸಬೇಕು.

ಮಾರುಕಟ್ಟೆ ದೂರವಿದೆಯೆಂಬ ಕೊರಗು ಸಹ ಅರ್ಧವೇ ನಿಜ. ಸವದತ್ತಿಯ ಎಲ್ಲಮ್ಮನ ಗುಡ್ಡವು ನಮ್ಮ ನೆರೆಯಲ್ಲಿಯೇ ಇದೆ. ಬನದ ಹುಣ್ಣಿವೆಗೆ, ಭಾರತ ಹುಣ್ಣಿವೆಗೆ ಕರ್ನಾಟಕದಿಂದಲೂ ಮಹಾರಾಷ್ಟ್ರದಿಂದಲೂ ಲಕ್ಷಾವಧಿ ಭಕ್ತರು ಅಲ್ಲಿ ಕೂಡುತ್ತಾರೆ. ದೇವಿಗೆ ಉಡಿ ತುಂಬಲು ಖಣ ಬೇಕು, ಸೀರೆ ಬೇಕು, ಬಳೆ ಬೇಕು, ಭಂಡಾರ ಕುಂಕುಮಗಳು ಬೇಕು, ಬುತ್ತಿಗೆ ರೊಟ್ಟಿ ಬೇಕು. ಇವುಗಳಲ್ಲಿ ರಾಮದುರ್ಗ, ಸವದತ್ತಿ, ಕಿತ್ತೂರು, ಬೈಲಹೊಂಗಲ ತಾಲೂಕುಗಳಲ್ಲಿ ತಯಾರಾದದ್ದು ಎಷ್ಟೆಂದು ಗುಡ್ಡದ ಅಂಗಡಿಗಳ ಸಾಲಿನಲ್ಲಿ ಒಮ್ಮೆ ಕೇಳುತ್ತ ಹೋಗಿ ನೋಡಿರಿ. ಸ್ವದೇಶಿಯೆಂಬ ವ್ರತವನ್ನು ಹಿಂದೆ ಮ್ಯಾಂಚೆಸ್ಟರಿನ ಬಟ್ಟೆಯ ವಿಷಯದಲ್ಲಿ ಆಚರಿಸಿದೆವು. ತಾಯಿಯ ಉಡಿಯಲ್ಲಿ ಹಾಕುವ ಖಣದ ವಿಷಯದಲ್ಲಿಯೂ ಅದನ್ನು ಆಚರಿಸಬಹುದಲ್ಲವೆ? ದೇವಸ್ಥಾನದ ಆಡಳಿತದವರು ಹುಣ್ಣಿವೆಯ ಕಾಲಕ್ಕೆ ಈ ನಾಲ್ಕು ತಾಲೂಕುಗಳ ಕಸಬುದಾರರ ಸಂಘಗಳಿಗೆ ಕೆಲವು ಮಳಿಗೆಗಳನ್ನು ಅಲ್ಪ ಬಾಡಿಗೆಗೆ ಕಾದಿಟ್ಟರೆ, ನೂರು ಮೇಳಾವಾಗಳಿಂದ ಆಗದ ಉಪಕಾರವಾದೀತು.

ಕಟ್ಟಕಡೆಗೆ ನಮ್ಮ ವಾಚಕರಿಗೇ ಎರಡು ಮಾತು. ಈ ಪುಟವನ್ನು ಓದುವವರಲ್ಲಿ ಅಧಿಕಾರಿಗಳಿದ್ದೀರಿ, ವಕೀಲರಿದ್ದೀರಿ, ಶಿಕ್ಷಕರಿದ್ದೀರಿ. ಸಿಂಪಿಗನ ಹೊಲಿಗೆಯ ಹಣವನ್ನು ‘ಬರುವ ಒಂದನೆಯ ತಾರೀಖಿಗೆ’ ಎಂದು ಹೇಳಿದವರು ನೀವೇ. ಶಾಲೆಯ ಸಮವಸ್ತ್ರದ, ಕಚೇರಿಯ ಮೇಜುಕುರ್ಚಿಯ ಬಿಲ್ಲನ್ನು ‘ಅನುದಾನ ಬಂದಿಲ್ಲ’ವೆಂದು ಬದಿಗಿಟ್ಟವರೂ ನೀವೇ. (ಪತ್ರಿಕೆಯ ವರ್ಗಣಿಯ ಬಾಕಿಯ ಮಾತನ್ನು ಇಲ್ಲಿ ತೆಗೆಯುವದು ಸಭ್ಯತೆಯಲ್ಲವೆಂದು ಬಿಟ್ಟಿದ್ದೇವೆ.) ಉದರಿ ಕೊಟ್ಟ ಸಣ್ಣ ಉದ್ಯಮಿಯು ನಮ್ಮಂಥವರಿಗೆ ಬಡ್ಡಿಯಿಲ್ಲದ ಸಾಲವನ್ನು ಕೊಡುತ್ತಿದ್ದಾನೆ, ಆ ಸಾಲವನ್ನು ಕೊಡಲಿಕ್ಕಾಗಿ ತಾನು ಬಡ್ಡಿಯ ಸಾಲವನ್ನು ತರುತ್ತಿದ್ದಾನೆ.

2006ರಲ್ಲಿ ಸಂಸತ್ತು ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗಾಗಿ ಮಾಡಿದ ಕಾಯದೆಯು ಈ ವಿಷಯದಲ್ಲಿ ಪ್ರಾಂಜಲವಾಗಿದೆ. ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಯಿಂದ ಮಾಲು ಇಲ್ಲವೆ ಸೇವೆಯನ್ನು ಪಡೆದವನು ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಗಳನ್ನು ಮೀರದೆ ಹಣ ಕೊಡತಕ್ಕದ್ದು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು, ಅದೂ ತಿಂಗಳುತಿಂಗಳಿಗೆ ಚಕ್ರವಾಗಿ, ತೆರಬೇಕು. 2024ರಿಂದ ಆದಾಯಕರದ ಲೆಕ್ಕದಲ್ಲಿಯೂ, ಗಡುವು ಮೀರಿದ ಇಂಥ ಬಾಕಿಯನ್ನು ವ್ಯಾಪಾರಿಯು ನಿಜವಾಗಿ ಕೊಡುವವರೆಗೆ ಖರ್ಚೆಂದು ತೋರಿಸಲಾರನು. ಆದರೆ ಈ ಆಸರೆ ದೊರೆಯಬೇಕಾದರೆ ಉದ್ಯಮಿಯು ಮೊದಲೇ ತನ್ನ ಹೆಸರನ್ನು ನೊಂದಾಯಿಸಿರಬೇಕು. 2020ರಿಂದ ‘ಉದ್ಯಮ್’ ಎಂಬ ಆ ನೋಂದಣಿಯು ಪೂರ್ಣ ಪುಕ್ಕಟೆ; ಅದಕ್ಕಾಗಿ ಹಣ ಕೇಳುವ ದಲ್ಲಾಳಿಗೆ ಕಾಸನ್ನೂ ಕೊಡಬೇಕಾಗಿಲ್ಲ. ಮಾಲನ್ನು ಕೊಂಡು ಮಾರುವ ಬರಿಯ ಅಂಗಡಿಕಾರನಿಗೆ ಈ ಕಾಲಮಿತಿಯ ಲಾಭವಿಲ್ಲವೆಂಬದನ್ನು ಮಾತ್ರ ತಿಳಿದಿರಬೇಕು.

ಆದರೂ ಒಬ್ಬ ಬಡ ಸಿಂಪಿಗನು ತಾಲೂಕಿನ ಕಚೇರಿಯ ಮೇಲೆ ಅರ್ಜಿ ಹಾಕಲಾರನೆಂಬದು ನಮಗೆ ಗೊತ್ತು. ಹಾಕಿದರೆ ಮರುವರ್ಷದ ಹೊಲಿಗೆಯು ಅವನಿಗೆ ಬರುವದಿಲ್ಲವೆಂಬದು ಅವನಿಗೂ ಗೊತ್ತು. ಕಾಯದೆಯ ಈ ಅರ್ಧ ಭಾಗವು ಅಧಿಕಾರಿಗಳ ಕೈಯಲ್ಲಿಯೇ ಉಳಿದಿದೆ. ರಾಮದುರ್ಗ ತಾಲೂಕಿನ ಪ್ರತಿಯೊಂದು ಕಚೇರಿ, ಶಾಲೆ, ಪಂಚಾಯತಿಗಳವರು ತಮ್ಮಲ್ಲಿ 45 ದಿನ ಮೀರಿದ ಸಣ್ಣ ಬಿಲ್ಲುಗಳ ಯಾದಿಯನ್ನು ತಿಂಗಳ ಮೊದಲನೆಯ ದಿನ ಹೊರಗಿನ ಫಲಕದ ಮೇಲೆ ಹಚ್ಚಲಿ: ಯಾರಿಗೆ, ಎಷ್ಟು, ಎಂದಿನಿಂದ. ಹೆಚ್ಚಿನ ಹುದ್ದೆಯಾಗಲಿ ಅನುದಾನವಾಗಲಿ ಇದಕ್ಕೆ ಬೇಕಾಗಿಲ್ಲ. ಒಂದು ಹಾಳೆ ಕಾಗದವೂ ನಾಲ್ಕು ಗುಂಡುಸೂಜಿಗಳೂ ಸಾಕು. ಮೊದಲ ಯಾದಿಯನ್ನು ಹಚ್ಚುವ ಕಚೇರಿಯ ಹೆಸರನ್ನು ಇದೇ ಪುಟದಲ್ಲಿ ಸಂತೋಷದಿಂದ ಪ್ರಕಟಿಸುವೆವು.